ಪೆಟ್ರೋಲ್ ಟ್ಯಾಂಕಿಗೆ ಸುರಿದದ್ದು ಆದಾಯವಲ್ಲ

ಕೆಲಸದ ಮೇಲೆ ಊರೂರು ತಿರುಗುವ ಸಂಬಳದಾರ, ಅದಕ್ಕಾಗಿ ತನ್ನ ಕಿಸೆಯಿಂದ ಹಾಕಿದ ದುಡ್ಡನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಕಳೆಯಲು ಅವಕಾಶ ಇರಬೇಕು. ಬೇಡಿಕೆ ಇಷ್ಟೇ. ಬಜೆಟ್ ಹತ್ತಿರ ಬಂದಾಗ ಇದು ತಲೆಯೆತ್ತುತ್ತದೆ, ಭಾಷಣ ಮುಗಿಯುವಷ್ಟರಲ್ಲಿ ಮರೆಯಾಗುತ್ತದೆ. ಇದನ್ನು ತಳ್ಳಿಹಾಕುವವರ ಮಾತುಗಳು ಮಾತ್ರ ವರ್ಷ ಕಳೆದರೂ ಹಾಗೇ ಇವೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟಾಗಿದೆ ಎನ್ನುತ್ತಾರೆ. ಆಫೀಸಿಗೆ ಹೋಗಿಬರುವುದು ಅವರವರ ಸ್ವಂತ ವಿಷಯ ಎನ್ನುತ್ತಾರೆ. ಕೊಡಬೇಕಾದ್ದು ಕಂಪನಿ, ಸರ್ಕಾರವಲ್ಲ ಎನ್ನುತ್ತಾರೆ. ಅವಕಾಶ ಕೊಟ್ಟರೆ ಸುಳ್ಳು ಬಿಲ್ಲುಗಳು ತುಂಬಿಕೊಳ್ಳುತ್ತವೆ, 12 ಲಕ್ಷದವರೆಗೆ ತೆರಿಗೆಯೇ ಇಲ್ಲದಿರುವಾಗ ಇದರ ಅಗತ್ಯವೇನು, ವಿನಾಯಿತಿ ತೆಗೆದು ದರ ಇಳಿಸಿದ ಹೊಸ ತೆರಿಗೆ ಪದ್ಧತಿಯ ಸರಳತೆ ಕೆಡಿಸಬೇಡಿ ಎಂದೂ ಹೇಳುತ್ತಾರೆ. ಇವುಗಳಲ್ಲಿ ಒಂದೆರಡರಲ್ಲಿ ಹುರುಳಿದೆ, ಅದನ್ನು ಒಪ್ಪುತ್ತೇನೆ. ಉಳಿದವು ನಮ್ಮ ತೆರಿಗೆ ಕಾನೂನಿನ ಚರಿತ್ರೆಯನ್ನು ಮರೆತು ಆಡಿದ ಮಾತುಗಳು.

ಆಫೀಸಿಗೆ ಹೋಗಿಬರುವ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ. ಇಡೀ ಚರ್ಚೆ ದಾರಿ ತಪ್ಪುವುದೇ ಅಲ್ಲಿ. ಜಯನಗರದಲ್ಲಿ ಮನೆ ಮಾಡಿಕೊಂಡು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವವರ ದಿನನಿತ್ಯದ ಓಡಾಟ ಒಂದು ಬಗೆ. ಹುಬ್ಬಳ್ಳಿಯನ್ನು ಹೆಡ್‌ಕ್ವಾರ್ಟರ್ ಮಾಡಿಕೊಂಡ ಔಷಧ ಕಂಪನಿಯ ಪ್ರತಿನಿಧಿ ಸೋಮವಾರ ಗದಗ, ಮಂಗಳವಾರ ಹಾವೇರಿ, ಬುಧವಾರ ರಾಣೆಬೆನ್ನೂರು ಎಂದು ಟೂರ್ ಪ್ರೋಗ್ರಾಂ ಹಿಡಿದು ಹೊರಡುವುದು ಇನ್ನೊಂದು ಬಗೆ. ಮೊದಲನೆಯವರು ಕೆಲಸಕ್ಕೆ ಹೋಗುತ್ತಾರೆ. ಎರಡನೆಯವರಿಗೆ ಹೋಗುವುದೇ ಕೆಲಸ. ಬೀಜ-ಗೊಬ್ಬರ ಕಂಪನಿಯ ಕ್ಷೇತ್ರಾಧಿಕಾರಿ ರಾಯಚೂರಿನಿಂದ ಮಾನ್ವಿ, ಸಿಂಧನೂರಿನ ಹೊಲಗಳಿಗೆ ಹೋಗದೆ ಮನೆಯಲ್ಲಿ ಕುಳಿತರೆ ಅವನು ಕೆಲಸ ಮಾಡಿದಂತಲ್ಲ. ಕಿರುಸಾಲ ಸಂಸ್ಥೆಯ ಸಿಬ್ಬಂದಿ, ಗೃಹಸಾಲಕ್ಕೆ ಮನೆ ಪರಿಶೀಲಿಸುವವರು, ಲಿಫ್ಟ್ ಮತ್ತು ಜನರೇಟರ್ ದುರಸ್ತಿಯ ಎಂಜಿನಿಯರುಗಳು, ವಿಮಾ ಕಂಪನಿಯ ಸರ್ವೇ ಸಿಬ್ಬಂದಿ, ಇವರೆಲ್ಲರೂ ಎರಡನೆಯ ಬಗೆಯವರು. ನನ್ನ ವಾದ ಇವರ ಪರವಾಗಿ.

ಮನೆ-ಆಫೀಸಿನ ಓಡಾಟ ವೈಯಕ್ತಿಕ ಎಂಬ ನಿಲುವಿಗೆ ಹಳೆಯ ಆಧಾರವಿದೆ. 1920ರ ದಶಕದಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಪ್ರಕರಣವೊಂದರಲ್ಲಿ, ಲಂಡನ್ನಿನಲ್ಲಿದ್ದ ಬ್ಯಾರಿಸ್ಟರ್ ಒಬ್ಬರು ಪೋರ್ಟ್ಸ್‌ಮತ್‌ನಲ್ಲಿ ರೆಕಾರ್ಡರ್ ಹುದ್ದೆ ನಿರ್ವಹಿಸಲು ಹೋಗಿಬರುವ ರೈಲು ಖರ್ಚನ್ನು ಕಳೆಯಬೇಕೆಂದು ಕೇಳಿದ್ದರು. ಕರ್ತವ್ಯ ಶುರುವಾಗುವುದು ಪೋರ್ಟ್ಸ್‌ಮತ್‌ನಲ್ಲಿ, ಅಲ್ಲಿಗೆ ತಲುಪುವುದು ನಿಮ್ಮ ಹೊಣೆ ಎಂದು ನ್ಯಾಯಾಲಯ ನಿರಾಕರಿಸಿತು. ಎಲ್ಲ ದೇಶಗಳೂ ಇದನ್ನು ಒಪ್ಪಿಲ್ಲ. ಜರ್ಮನಿಯಲ್ಲಿ ಮನೆಯಿಂದ ಕೆಲಸದ ಸ್ಥಳಕ್ಕಿರುವ ದೂರಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ಕಡಿತ ಸಿಗುತ್ತದೆ. ಮೊದಲ 20 ಕಿಲೋಮೀಟರಿಗೆ ಅದನ್ನು ತೆಗೆದುಹಾಕಿದ ಕಾನೂನನ್ನು 2008ರ ಡಿಸೆಂಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ರದ್ದುಮಾಡಿತು. ಈ ವಿವಾದದಲ್ಲಿ ಯಾರು ಸರಿ ಎಂಬುದನ್ನು ಇಲ್ಲಿ ಇತ್ಯರ್ಥ ಮಾಡಬೇಕಾಗಿಲ್ಲ. ಮನೆ-ಆಫೀಸಿನ ಓಡಾಟವನ್ನು ನನ್ನ ಬೇಡಿಕೆಯಿಂದ ಹೊರಗಿಡುತ್ತೇನೆ. ಹಾಗೆ ಹೊರಗಿಟ್ಟ ಮೇಲೆ ಈ ಆಕ್ಷೇಪಕ್ಕೆ ನಿಲ್ಲಲು ನೆಲೆಯೇ ಇಲ್ಲ. ಆ ತೀರ್ಪು ಬಂದ ಬ್ರಿಟನ್ನಿನಲ್ಲೇ ಕರ್ತವ್ಯದ ಮೇಲಿನ ಓಡಾಟಕ್ಕೆ ನೌಕರನೇ ಕಡಿತ ಕೇಳಬಹುದು. ಅದನ್ನು ಮುಂದೆ ಹೇಳುತ್ತೇನೆ.

ಈಗ ಸ್ಟ್ಯಾಂಡರ್ಡ್ ಡಿಡಕ್ಷನ್. ಇದು ಎದುರಾಳಿಗಳ ಮುಖ್ಯ ವಾದ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೊಸ ಪದ್ಧತಿಯಲ್ಲಿ 75,000 ರೂಪಾಯಿ ಯಾವ ಬಿಲ್ಲೂ ಇಲ್ಲದೆ ಕಳೆಯುತ್ತಾರೆ, ಪ್ರಯಾಣದ ಖರ್ಚೆಲ್ಲ ಅದರಲ್ಲೇ ಬಂತು ಎಂಬುದು ಅವರ ಹೇಳಿಕೆ.

1961ರ ಆದಾಯ ತೆರಿಗೆ ಕಾಯ್ದೆ ಬಂದಾಗ ಅದರ 16ನೇ ಸೆಕ್ಷನ್‌ನಲ್ಲಿ ಏನಿತ್ತು ನೋಡಿ. ವಾಹನ ಭತ್ಯೆ ಪಡೆಯದೆ, ಸ್ವಂತ ವಾಹನವನ್ನು ನೌಕರಿಗಾಗಿ ಬಳಸುವವನಿಗೆ ಅದರ ನಿರ್ವಹಣೆ ಮತ್ತು ಸವಕಳಿಯ ಬಾಬ್ತು ಕಡಿತ ಇತ್ತು. ಅದರ ಜೊತೆಗೆ, ನೌಕರಿಯ ಷರತ್ತಿನಂತೆ ತನ್ನ ಸಂಬಳದಿಂದಲೇ ಕರ್ತವ್ಯಕ್ಕಾಗಿ ಖರ್ಚು ಮಾಡಬೇಕಾದ ಇತರ ಮೊತ್ತವನ್ನೂ ಕಳೆಯಬಹುದಿತ್ತು. ಅಂದರೆ ಇಂದು ನಾವು ಕೇಳುತ್ತಿರುವುದು ಈ ದೇಶದ ಕಾನೂನಿನಲ್ಲಿ ಬರೆದೇ ಇತ್ತು. 1974ರ ಹಣಕಾಸು ಕಾಯ್ದೆ ಈ ಬಿಡಿಬಿಡಿ ಕಡಿತಗಳನ್ನು ತೆಗೆದು, ಎಲ್ಲಕ್ಕೂ ಸೇರಿಸಿ ಸ್ಟ್ಯಾಂಡರ್ಡ್ ಡಿಡಕ್ಷನ್ ತಂದಿತು. ಸಂಬಳದ ಮೊದಲ 10,000 ರೂಪಾಯಿಗೆ ಶೇ 20, ಉಳಿದದ್ದಕ್ಕೆ ಶೇ 10, ಒಟ್ಟು 3,500ಕ್ಕೆ ಮಿತಿ. ಅಂದಿನ ಸಂಬಳಗಳ ಮಟ್ಟದಲ್ಲಿ ಅದು ಅರ್ಥವುಳ್ಳ ಮೊತ್ತ. ಅಂದಿನ ಶಾಸಕರಿಗೆ ಇನ್ನೊಂದು ತಿಳಿವಳಿಕೆಯೂ ಇತ್ತು. ಖಾಸಗಿ ಬಳಕೆಗೂ ಒದಗುವಂತೆ ಮಾಲೀಕನಿಂದ ಕಾರನ್ನೋ ಸ್ಕೂಟರನ್ನೋ ಪಡೆದವನಿಗೆ ಈ ಕಡಿತವನ್ನು 1,000 ರೂಪಾಯಿಗೆ ಇಳಿಸಿದ್ದರು. ಓಡಾಟದ ಹೊರೆ ಹೊತ್ತವನೂ ಹೊರದವನೂ ಒಂದೇ ಅಲ್ಲ ಎಂಬುದನ್ನು ಕಾನೂನು ಗುರುತಿಸಿತ್ತು.

2005ರ ಬಜೆಟ್‌ನಲ್ಲಿ ಪಿ. ಚಿದಂಬರಂ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನೇ ರದ್ದು ಮಾಡಿದರು. ಮೂಲ ವಿನಾಯಿತಿಯ ಮಿತಿಯನ್ನು 1 ಲಕ್ಷಕ್ಕೆ ಏರಿಸಿದ್ದರಿಂದ ಇದು ಬೇಕಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಮಿತಿ ಏರಿದ್ದು ವ್ಯಾಪಾರಿಗೂ ವಕೀಲನಿಗೂ ಸಂಬಳದಾರನಿಗೂ ಸಮಾನವಾಗಿ. ವ್ಯಾಪಾರಿಯ ಪ್ರಯಾಣ ಖರ್ಚಿನ ಕಡಿತ ಹಾಗೇ ಉಳಿಯಿತು. 1974ರಲ್ಲಿ ಸಂಬಳದಾರನಿಂದ ಮೂಲ ಹಕ್ಕನ್ನು ಪಡೆದು ಅದರ ಬದಲಿಗೆ ಕೊಟ್ಟದ್ದನ್ನು 2005ರಲ್ಲಿ ವಾಪಸ್ ತೆಗೆದುಕೊಂಡರು, ಮೂಲ ಹಕ್ಕನ್ನು ಹಿಂತಿರುಗಿಸಲಿಲ್ಲ. 2005-06ರಿಂದ 2017-18ರವರೆಗಿನ ಹದಿಮೂರು ಹಣಕಾಸು ವರ್ಷ ಕರ್ತವ್ಯದ ಮೇಲೆ ಸ್ವಂತ ಖರ್ಚಿನಲ್ಲಿ ತಿರುಗಿದವನಿಗೆ ಅದೂ ಇಲ್ಲ, ಇದೂ ಇಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ಆ ಖರ್ಚಿಗೆ ಪರ್ಯಾಯ ಎನ್ನುವವರು ಆ ವರ್ಷಗಳಿಗೆ ಏನು ಉತ್ತರ ಕೊಡುತ್ತಾರೆ?

2018ರಲ್ಲಿ ಅರುಣ್ ಜೇಟ್ಲಿ ಅದನ್ನು 40,000 ರೂಪಾಯಿಯಾಗಿ ಮರಳಿ ತಂದರು. ಆದರೆ ಅದೇ ಕೈಯಲ್ಲಿ ತಿಂಗಳಿಗೆ 1,600ರಂತೆ ವರ್ಷಕ್ಕೆ 19,200 ರೂಪಾಯಿಯ ಸಾರಿಗೆ ಭತ್ಯೆಯ ವಿನಾಯಿತಿಯೂ 15,000 ರೂಪಾಯಿಯ ವೈದ್ಯಕೀಯ ಮರುಪಾವತಿಯ ವಿನಾಯಿತಿಯೂ ಹೋದವು. ಎರಡೂ ಸೇರಿ 34,200. ಅವನ್ನು ಪಡೆಯುತ್ತಿದ್ದವರಿಗೆ ಹೊಸದಾಗಿ ದಕ್ಕಿದ್ದು 5,800 ರೂಪಾಯಿಯ ಕಡಿತ ಮಾತ್ರ. ಅದೇ ವರ್ಷ ಶೇ 3ರ ಸೆಸ್ ಶೇ 4 ಆಯಿತು. ಮರುವರ್ಷ ಕಡಿತ 50,000ಕ್ಕೆ ಏರಿತು, 2024ರ ಜುಲೈ ಬಜೆಟ್‌ನಲ್ಲಿ ಹೊಸ ಪದ್ಧತಿಯವರಿಗೆ 75,000 ಆಯಿತು. ಏರಿಕೆಯನ್ನು ಸ್ವಾಗತಿಸೋಣ. ಅದು ಬಂದದ್ದು ಮನೆ-ಆಫೀಸಿನ ಓಡಾಟದ ಸಾರಿಗೆ ಭತ್ಯೆಯ ಜಾಗಕ್ಕೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳೋಣ. ಕರ್ತವ್ಯದ ಪ್ರಯಾಣದ ಜಾಗಕ್ಕೆ ಅದು ಬಂದಿಲ್ಲ.

ಇದಕ್ಕೆ ಕಾನೂನೇ ಸಾಕ್ಷಿ. 1961ರ ಕಾಯ್ದೆಯ 10(14) ಮತ್ತು ನಿಯಮ 2ಬಿಬಿ ಪ್ರಕಾರ, ಪ್ರವಾಸದ ಖರ್ಚಿಗೆ, ಪ್ರವಾಸದಲ್ಲಿದ್ದ ದಿನಗಳ ದಿನಭತ್ಯೆಗೆ, ಕರ್ತವ್ಯ ನಿರ್ವಹಣೆಯ ವಾಹನ ಖರ್ಚಿಗೆ ಎಂದು ಮಾಲೀಕ ಕೊಟ್ಟ ಭತ್ಯೆ, ನಿಜವಾಗಿ ಖರ್ಚಾದ ಮಟ್ಟಿಗೆ, ತೆರಿಗೆಮುಕ್ತವಾಗಿತ್ತು. ಈ ವಿನಾಯಿತಿ ಪಡೆದವನಿಗೂ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಪೂರ್ತಿಯಾಗಿ ಸಿಗುತ್ತಿತ್ತು. ಅದರಲ್ಲಿ ಕರ್ತವ್ಯದ ಪ್ರಯಾಣವೂ ಅಡಗಿದ್ದರೆ ಭತ್ಯೆ ಪಡೆದವನಿಗೆ ಎರಡೆರಡು ಸಲ ಕೊಟ್ಟಂತಾಗುತ್ತಿತ್ತು, ಸರ್ಕಾರ ಅದನ್ನು ತಡೆಯುತ್ತಿತ್ತು. ತಡೆದಿಲ್ಲ. ಏಕೆಂದರೆ ಅವು ಬೇರೆ ಬೇರೆ ಎಂಬುದು ಸರ್ಕಾರಕ್ಕೆ ಗೊತ್ತು. ಹಾಗಾದರೆ ಭತ್ಯೆ ಪಡೆಯದೆ ಅದೇ ಖರ್ಚನ್ನು ಸ್ವತಃ ಮಾಡಿದವನಿಗೆ ಮಾತ್ರ "ನಿನ್ನದು ಅದರಲ್ಲೇ ಬಂತು" ಎನ್ನುವುದು ಯಾವ ನ್ಯಾಯ?

ಲೆಕ್ಕ ಹಾಕಿ ನೋಡೋಣ. ಇಬ್ಬರು ಏರಿಯಾ ಮ್ಯಾನೇಜರುಗಳು. ಇಬ್ಬರಿಗೂ ಕಂಪನಿಯಿಂದ ವರ್ಷಕ್ಕೆ ಒಟ್ಟು 14 ಲಕ್ಷ. ಇಬ್ಬರೂ ಸ್ವಂತ ಕಾರಿನಲ್ಲಿ ನಾಲ್ಕೈದು ಜಿಲ್ಲೆ ತಿರುಗಿ ತಿಂಗಳಿಗೆ 12,500ರಂತೆ ವರ್ಷಕ್ಕೆ ಒಂದೂವರೆ ಲಕ್ಷ ಖರ್ಚು ಮಾಡುತ್ತಾರೆ. ಮೊದಲನೆಯವರ ಕಂಪನಿ 12.5 ಲಕ್ಷವನ್ನು ಸಂಬಳ ಎಂದೂ 1.5 ಲಕ್ಷವನ್ನು ಕರ್ತವ್ಯದ ವಾಹನ ಭತ್ಯೆ ಎಂದೂ ಕೊಡುತ್ತದೆ. ಭತ್ಯೆಗೆ ವಿನಾಯಿತಿ, ಸಂಬಳದಲ್ಲಿ 75,000 ಕಳೆದರೆ ಉಳಿದದ್ದು 11.75 ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಎರಡನೆಯವರ ಕಂಪನಿ 14 ಲಕ್ಷವನ್ನೂ ಸಂಬಳ ಎಂದೇ ಕೊಡುತ್ತದೆ, ಪ್ರಯಾಣ ನಿಮ್ಮದೇ ಎಂದು ನೇಮಕಾತಿ ಪತ್ರದಲ್ಲೇ ಬರೆಯುತ್ತದೆ. 75,000 ಕಳೆದರೆ 13.25 ಲಕ್ಷ. 4ರಿಂದ 8 ಲಕ್ಷದ ಮೆಟ್ಟಿಲಿಗೆ 20,000, 8ರಿಂದ 12ಕ್ಕೆ 40,000, ಮೇಲಿನ 1.25 ಲಕ್ಷಕ್ಕೆ 18,750, ಸೆಸ್ 3,150. ಒಟ್ಟು 81,900 ರೂಪಾಯಿ.

ಅದೇ ದುಡ್ಡು, ಅದೇ ರಸ್ತೆ, ಅದೇ ಪೆಟ್ರೋಲು. ಇಬ್ಬರ ಕೈಯಲ್ಲೂ ಉಳಿಯುವುದು 12.5 ಲಕ್ಷ. ಒಬ್ಬರಿಗೆ ತೆರಿಗೆ ಇಲ್ಲ, ಇನ್ನೊಬ್ಬರಿಗೆ ಸುಮಾರು 82 ಸಾವಿರ. ವ್ಯತ್ಯಾಸ ಹುಟ್ಟಿದ್ದು ಸಂಬಳ ಚೀಟಿಯ ಒಂದು ಸಾಲಿನಿಂದ, ಆ ಸಾಲನ್ನು ಬರೆಯುವುದು ಅವರಿಬ್ಬರೂ ಅಲ್ಲ. ಈ ಎರಡನೆಯ ವ್ಯಕ್ತಿಗೆ ನಾವು ಏನು ಹೇಳುತ್ತೇವೆ ಎಂಬುದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

"12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ" ಎಂಬ ಆಕ್ಷೇಪಕ್ಕೂ ಈ ಲೆಕ್ಕದಲ್ಲೇ ಉತ್ತರವಿದೆ. ಅದರಲ್ಲಿ ಸತ್ಯಾಂಶ ಇದೆ. ಕ್ಷೇತ್ರ ಸಿಬ್ಬಂದಿಯಲ್ಲಿ ತಿಂಗಳಿಗೆ 25-30 ಸಾವಿರ ದುಡಿಯುವವರಿಗೆ ಇಂದು ಆದಾಯ ತೆರಿಗೆಯ ಹೊರೆ ಇಲ್ಲ, ಸಂಬಳದಾರರಿಗೆ 12.75 ಲಕ್ಷದವರೆಗೆ ಇಲ್ಲ. ಅವರಿಗೆ ಬೇಕಾದ್ದು ಕಂಪನಿ ಕೊಡುವ ಸರಿಯಾದ ಕಿಲೋಮೀಟರ್ ದರ, ತೆರಿಗೆ ಕಡಿತವಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಆ ಗಡಿ ಇರುವುದರಿಂದಲೇ ಅದರ ಆಚೆ ಈಚೆ ನಿಲ್ಲುವವರಿಗೆ ಖರ್ಚಿನ ಲೆಕ್ಕ ಹೆಚ್ಚು ಮುಖ್ಯವಾಗುತ್ತದೆ. ನಿಜವಾದ ಗಳಿಕೆ ಗಡಿಯೊಳಗೇ ಇದ್ದವನನ್ನು, ಅವನದಲ್ಲದ ದುಡ್ಡು ಅವನ ಖಾತೆಯ ಮೂಲಕ ಹಾದುಹೋಯಿತೆಂಬ ಕಾರಣಕ್ಕೆ, ಗಡಿಯಾಚೆ ತಳ್ಳುವುದು ನಡೆಯುತ್ತಿದೆ. ಮಿತಿ ಎಷ್ಟೇ ಇರಲಿ, ಆದಾಯ ಎಂದು ಯಾವುದನ್ನು ಎಣಿಸಬೇಕು ಎಂಬ ಪ್ರಶ್ನೆ ಮಿತಿಯಿಂದ ಬಗೆಹರಿಯುವುದಿಲ್ಲ. ಜೊತೆಗೆ, ರಿಯಾಯಿತಿ ಒಂದು ಹಣಕಾಸು ಮಸೂದೆಯಲ್ಲಿ ಬಂದದ್ದು, ಇನ್ನೊಂದರಲ್ಲಿ ಹೋಗಬಹುದು. 2005ರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಹೋದದ್ದನ್ನು ಕಂಡವರಿದ್ದೇವೆ.

ಕೊಡಬೇಕಾದ್ದು ಕಂಪನಿ ಎಂಬ ವಾದಕ್ಕೆ ಬರುತ್ತೇನೆ. ಕೊಡಬೇಕು, ನಿಜ. ಒಳ್ಳೆಯ ಔಷಧ ಕಂಪನಿಗಳಲ್ಲಿ ಹೆಡ್‌ಕ್ವಾರ್ಟರ್, ಎಕ್ಸ್-ಸ್ಟೇಷನ್, ಔಟ್‌ಸ್ಟೇಷನ್ ಎಂದು ಮೂರು ದರದ ದಿನಭತ್ಯೆ, ಅದರ ಮೇಲೆ ಕಿಲೋಮೀಟರ್ ದರ ಕೊಡುವ ಪದ್ಧತಿ ಇದೆ. ಸರ್ಕಾರಿ ನೌಕರರಿಗೆ ಟಿಎ-ಡಿಎ ಬಿಲ್ಲಿನ ವ್ಯವಸ್ಥೆ ಇದೆ. ಆದರೆ ನೌಕರಿಯ ಷರತ್ತನ್ನು ಬರೆಯುವವನು ಮಾಲೀಕ, ಸಹಿ ಹಾಕುವವನು ನೌಕರ. ಸಣ್ಣ ವಿತರಕ ಸಂಸ್ಥೆಗಳು, ಏಜೆನ್ಸಿ ಮೂಲಕ ನೇಮಿಸುವವರು, ಹೊಸ ಸ್ಟಾರ್ಟ್‌ಅಪ್‌ಗಳು ಸಿಟಿಸಿ ಎಂಬ ಒಂದೇ ಅಂಕಿ ತೋರಿಸಿ ಎಲ್ಲವನ್ನೂ ಅದರೊಳಗೆ ತುಂಬುತ್ತಾರೆ. ಇನ್ನು ಕೆಲವೆಡೆ ಭತ್ಯೆ ಇರುತ್ತದೆ, ದರ ಮಾತ್ರ ಪೆಟ್ರೋಲು ಲೀಟರಿಗೆ 70 ರೂಪಾಯಿ ಇದ್ದ ಕಾಲದ್ದು. ಬೆಂಗಳೂರಿನಲ್ಲಿ ಪೆಟ್ರೋಲು 100 ದಾಟಿದ್ದು 2021ರಲ್ಲಿ. ಭತ್ಯೆಗೂ ನಿಜವಾದ ಖರ್ಚಿಗೂ ನಡುವಿನ ಅಂತರ ನೌಕರನ ಕಿಸೆಯಿಂದ ಹೋಗುತ್ತದೆ, ಆ ಅಂತರಕ್ಕೆ ಕಾನೂನಿನಲ್ಲಿ ಯಾವ ಜಾಗವೂ ಇಲ್ಲ. ಮಾಲೀಕ ತಪ್ಪು ಮಾಡಿದ್ದಾನೆ ಎಂದು ಅದರ ತೆರಿಗೆಯನ್ನು ನೌಕರನಿಂದ ವಸೂಲು ಮಾಡುವುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ಮೇಲಿನ ಸ್ತರದ ನೌಕರರ ಕತೆ ಬೇರೆ. 1962ರ ನಿಯಮಗಳಲ್ಲಿ, ಕಂಪನಿಯ ಕಾರನ್ನು ಕೆಲಸಕ್ಕೂ ಸ್ವಂತಕ್ಕೂ ಬಳಸಿ, ಪೆಟ್ರೋಲು-ದುರಸ್ತಿ ಎಲ್ಲವನ್ನೂ ಕಂಪನಿಯೇ ನೋಡಿಕೊಂಡರೂ, ನೌಕರನ ಆದಾಯಕ್ಕೆ ಸೇರುತ್ತಿದ್ದುದು 1.6 ಲೀಟರಿನೊಳಗಿನ ಎಂಜಿನ್ ಆದರೆ ತಿಂಗಳಿಗೆ 1,800 ರೂಪಾಯಿ, ದೊಡ್ಡದಾದರೆ 2,400, ಚಾಲಕನಿದ್ದರೆ ಇನ್ನೊಂದು 900. ವರ್ಷಗಟ್ಟಲೆ ಈ ದರ ಹಾಗೇ ಇತ್ತು. ಭಾನುವಾರ ಕುಟುಂಬದೊಡನೆ ನಂದಿಬೆಟ್ಟಕ್ಕೆ ಹೋದ ಕಂಪನಿ ಕಾರಿನ ಖರ್ಚಿಗೆ ಇಷ್ಟು ಉದಾರವಾದ ಕಾನೂನು, ಉರಿಬಿಸಿಲಲ್ಲಿ ಸಿಂಧನೂರಿನ ಗದ್ದೆಗೆ ಬೈಕಿನಲ್ಲಿ ಹೋದವನ ಖರ್ಚನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ನ್ಯಾಯಾಲಯಗಳಲ್ಲಿ ಇದು ಪರೀಕ್ಷೆಯಾಗಿಲ್ಲವೇ? ಆಗಿದೆ. ಎಲ್‌ಐಸಿಯ ಡೆವಲಪ್‌ಮೆಂಟ್ ಆಫೀಸರುಗಳು ದಶಕಗಳ ಕಾಲ ಈ ಹೋರಾಟ ನಡೆಸಿದರು. ಏಜೆಂಟರನ್ನು ಹುಡುಕಿ, ತರಬೇತಿ ಕೊಟ್ಟು, ಅವರೊಡನೆ ಹಳ್ಳಿ ಹಳ್ಳಿ ಅಲೆದು ವ್ಯವಹಾರ ತರುವುದು ಅವರ ಕೆಲಸ. ಅದರ ಮೇಲೆ ಸಿಗುತ್ತಿದ್ದ ಇನ್ಸೆಂಟಿವ್ ಬೋನಸ್ಸಿನಲ್ಲಿ ದೊಡ್ಡ ಪಾಲು ಓಡಾಟಕ್ಕೇ ಹೋಗುತ್ತದೆ, ಅದನ್ನು ಕಳೆಯಿರಿ ಎಂದು ಕೇಳಿದರು. ಗುಜರಾತ್ ಹೈಕೋರ್ಟ್ ಅವರ ಮಾತಿಗೆ ಕಿವಿಗೊಟ್ಟಿತು. ನಮ್ಮ ಕರ್ನಾಟಕ ಹೈಕೋರ್ಟಿನ ಪೂರ್ಣ ಪೀಠ, ಬೋನಸ್ ಸಂಬಳದ ಭಾಗ, 16ನೇ ಸೆಕ್ಷನ್ ಹೇಳಿದ್ದನ್ನು ಬಿಟ್ಟು ಬೇರೆ ಕಡಿತ ಇಲ್ಲ ಎಂದಿತು. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದೂ ಅದನ್ನೇ. ಎದುರಾಳಿಗಳು ಈ ತೀರ್ಪನ್ನು ತಮ್ಮ ಗೆಲುವೆಂದು ಹಿಡಿದು ತೋರಿಸುತ್ತಾರೆ. ನ್ಯಾಯಾಲಯ ಹೇಳಿದ್ದು ಕಾನೂನಿನಲ್ಲಿ ಅಂಥ ಕಡಿತ ಇಲ್ಲ ಎಂದು. ಇರಬಾರದು ಎಂದು ಅದು ಹೇಳಿಲ್ಲ, ಅದು ಸಂಸತ್ತಿನ ಕೆಲಸ. ನಾನು ಸಂಸತ್ತಿನ ಮುಂದೆ ಇಡುತ್ತಿರುವ ಬೇಡಿಕೆಗೆ ಆ ತೀರ್ಪು ಅಡ್ಡಿಯಲ್ಲ, ಕಾರಣ.

ಸುಳ್ಳು ಬಿಲ್ಲಿನ ಭಯವನ್ನು ಹಗುರವಾಗಿ ಕಾಣಲಾರೆ. ಬಾಡಿಗೆ ರಸೀದಿ, ದೇಣಿಗೆ ಚೀಟಿ, ವೈದ್ಯಕೀಯ ಬಿಲ್ಲುಗಳಲ್ಲಿ ಮೋಸ ನಡೆದಿದೆ. 2025ರ ಜುಲೈನಲ್ಲಿ ಇಲಾಖೆ ದೇಶದ ಹಲವು ಕಡೆ ಶೋಧ ನಡೆಸಿ, ಸುಳ್ಳು ಕಡಿತ ತೋರಿಸಿ ರೀಫಂಡ್ ಕೊಡಿಸುತ್ತಿದ್ದ ಮಧ್ಯವರ್ತಿಗಳ ಬೆನ್ನು ಹತ್ತಿತು. ಮನೆ ಬಾಡಿಗೆ ಭತ್ಯೆ, ರಾಜಕೀಯ ಪಕ್ಷಗಳಿಗೆ ದೇಣಿಗೆ, ಆರೋಗ್ಯ ವಿಮೆ, ಶಿಕ್ಷಣ ಸಾಲದಂಥ ಬಾಬ್ತುಗಳಲ್ಲಿ ಮೋಸ ಕಂಡಿತು. ಅದಕ್ಕಾಗಿ ಮನೆ ಬಾಡಿಗೆ ವಿನಾಯಿತಿಯನ್ನು ಹಳೆಯ ಪದ್ಧತಿಯಿಂದ ಕಿತ್ತುಹಾಕಿದರೇ? ಇಲ್ಲ. ಮೋಸ ಮಾಡಿದವರನ್ನು ಹಿಡಿದರು, ಅದೇ ಸರಿಯಾದ ದಾರಿ. ವ್ಯಾಪಾರಿಯ ವಿಷಯದಲ್ಲೂ ಹಾಗೇ. ವ್ಯಾಪಾರಕ್ಕಾಗಿ ಮಾಡಿದ ಪ್ರಯಾಣದ ಖರ್ಚನ್ನು ಅವನೇ ಬರೆದು, ಅವನೇ ಕಳೆಯುತ್ತಾನೆ. ಅವನ ಮೇಲೆ ಇಟ್ಟ ನಂಬಿಕೆಯನ್ನು, ಪ್ರತಿ ತಿಂಗಳು ಕೈಗೆ ಬರುವ ಮುಂಚೆಯೇ ಟಿಡಿಎಸ್ ಕಟ್ಟಿಸಿಕೊಳ್ಳುವ ಸಂಬಳದಾರನ ಮೇಲೆ ಇಡಲಾಗದು ಎಂಬುದನ್ನು ನಾನು ಒಪ್ಪುವುದಿಲ್ಲ. 2018ರ ಬಜೆಟ್ ಭಾಷಣದಲ್ಲಿ ಜೇಟ್ಲಿಯವರೇ ಕೊಟ್ಟ ಅಂಕಿ ಇದೆ: 2016-17ರ ಅಸೆಸ್‌ಮೆಂಟ್ ವರ್ಷದಲ್ಲಿ ರಿಟರ್ನ್ ಸಲ್ಲಿಸಿದ 1.89 ಕೋಟಿ ಸಂಬಳದಾರರು ಕಟ್ಟಿದ ತೆರಿಗೆ ಸರಾಸರಿ 76,306 ರೂಪಾಯಿ. ವೃತ್ತಿನಿರತರೂ ಸೇರಿದಂತೆ 1.88 ಕೋಟಿ ವ್ಯಾಪಾರಿಗಳ ಸರಾಸರಿ 25,753. ಇಬ್ಬರಲ್ಲಿ ಯಾರ ಲೆಕ್ಕವನ್ನು ಹೆಚ್ಚು ಅನುಮಾನದಿಂದ ನೋಡಬೇಕು ಎಂಬುದಕ್ಕೆ ಈ ಅಂಕಿಗಳು ಕೊನೆಯ ಮಾತಲ್ಲ. ಅನುಮಾನದ ಭಾರವೆಲ್ಲ ಸಂಬಳದಾರನ ಮೇಲೆಯೇ ಬೀಳಲು ಇವು ಕಾರಣವಂತೂ ಕೊಡುವುದಿಲ್ಲ.

ಪರಿಶೀಲನೆ ಅಸಾಧ್ಯ ಎಂಬುದಂತೂ ಇಂದು ನಿಲ್ಲುವ ಮಾತಲ್ಲ. ಕ್ಷೇತ್ರ ಸಿಬ್ಬಂದಿಯಷ್ಟು ಹೆಜ್ಜೆ ಹೆಜ್ಜೆಗೂ ದಾಖಲಾಗುವ ನೌಕರರು ವಿರಳ. ತಿಂಗಳ ಮೊದಲೇ ಮಂಜೂರಾದ ಟೂರ್ ಪ್ರೋಗ್ರಾಂ ಇರುತ್ತದೆ. ಯಾವ ವೈದ್ಯರನ್ನು, ಯಾವ ಅಂಗಡಿಯನ್ನು ಎಷ್ಟು ಹೊತ್ತಿಗೆ ಕಂಡರು ಎಂಬ ವರದಿ (ಡಿಸಿಆರ್) ಪ್ರತಿದಿನ ಹೋಗುತ್ತದೆ. ಹಲವು ಕಂಪನಿಗಳ ಆಪ್ ಜಿಪಿಎಸ್ ಮೂಲಕ ಜಾಗ ಹಿಡಿದು ಹಾಜರಿ ಹಾಕುತ್ತದೆ. ಕಾರಿನ ಟೋಲ್ ಫಾಸ್ಟ್ಯಾಗ್‌ನಲ್ಲಿ, ಪೆಟ್ರೋಲಿನ ದುಡ್ಡು ಯುಪಿಐನಲ್ಲಿ ದಾಖಲಾಗುತ್ತದೆ. ಕೆಲಸ ಮಾಡಿಸಿಕೊಳ್ಳಲು ಸಾಕಾಗುವ ಈ ದಾಖಲೆ ತೆರಿಗೆ ಲೆಕ್ಕಕ್ಕೆ ಸಾಲದು ಎನ್ನುವುದು ಹೇಗೆ?

ಬಿಲ್ಲುಗಳೇ ಬೇಡ ಎನ್ನುವುದಾದರೂ ದಾರಿ ಇದೆ, ಬೇರೆಯವರು ನಡೆದು ತೋರಿಸಿದ್ದಾರೆ. ಬ್ರಿಟನ್ನಿನಲ್ಲಿ ಸ್ವಂತ ಕಾರಿನಲ್ಲಿ ಕರ್ತವ್ಯದ ಮೇಲೆ ಓಡಾಡುವವರಿಗೆ 2011ರಲ್ಲಿ ವರ್ಷದ ಮೊದಲ 10,000 ಮೈಲಿಗಳಿಗೆ ತಲಾ 45 ಪೆನ್ಸ್, ಆನಂತರದ್ದಕ್ಕೆ 25 ಪೆನ್ಸ್ ಎಂದು ದರ ನಿಗದಿಯಾಯಿತು. ಮಾಲೀಕ ಅದಕ್ಕಿಂತ ಕಡಿಮೆ ಕೊಟ್ಟರೆ, ಏನೂ ಕೊಡದಿದ್ದರೂ, ಉಳಿದ ವ್ಯತ್ಯಾಸಕ್ಕೆ ನೌಕರನೇ ತೆರಿಗೆ ಕಡಿತ ಕೇಳುತ್ತಾನೆ. ಪೆಟ್ರೋಲ್ ರಸೀದಿಗಳ ಕಂತೆ ಅಲ್ಲಿ ಬೇಕಿಲ್ಲ, ಮೈಲಿಗಳ ದಾಖಲೆ ಸಾಕು. ಕೆನಡಾದಲ್ಲಿ ಮಾಲೀಕ ಟಿ2200 ಎಂಬ ನಮೂನೆಗೆ ಸಹಿ ಹಾಕಿ, ಈ ನೌಕರ ಸ್ವಂತ ಖರ್ಚಿನಲ್ಲಿ ಪ್ರಯಾಣ ಮಾಡಬೇಕಾದ ಷರತ್ತಿದೆ, ಇಷ್ಟನ್ನು ನಾವು ಮರುಪಾವತಿ ಮಾಡಿದ್ದೇವೆ ಎಂದು ದೃಢೀಕರಿಸುತ್ತಾನೆ. ಅದರ ಆಧಾರದ ಮೇಲೆ ನೌಕರ ಕಡಿತ ಪಡೆಯುತ್ತಾನೆ. ನಮ್ಮಲ್ಲಿ ಟಿಡಿಎಸ್ ಪ್ರಮಾಣಪತ್ರ ಕೊಡುವ ಹೊಣೆ ಮಾಲೀಕನ ಮೇಲೆ ಈಗಾಗಲೇ ಇದೆ, ಅದಕ್ಕೆ ಎರಡು ಅಂಕಣ ಸೇರಿಸಿದರೆ ಆಗುವ ಕೆಲಸ ಇದು. ಮಾಲೀಕನ ದೃಢೀಕರಣವಿಲ್ಲದೆ ಯಾರೂ ಒಂದು ಕಿಲೋಮೀಟರನ್ನೂ ಕೇಳಲಾರರು.

ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬೇಡಿಕೆ ನ್ಯಾಯವಾದದ್ದು ಎಂದು ಇಂದೇ ರಿಟರ್ನ್‌ನಲ್ಲಿ ಅದನ್ನು ತುಂಬಿಬಿಡುವಂತಿಲ್ಲ. ಮಾಲೀಕನಿಂದ ಬರದ ಭತ್ಯೆಗೆ 10(14)ರ ಅಂಕಣದಲ್ಲಿ ವಿನಾಯಿತಿ ತೋರಿಸಿ ಎಂದು ಸಲಹೆ ಕೊಡುವವರಿದ್ದಾರೆ. ಅದು ತಪ್ಪು ಮಾಹಿತಿ. 1961ರ ಕಾಯ್ದೆಯ 270ಎ ಪ್ರಕಾರ ಹಾಗೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದಿತ್ತು. ಈಗ ಮಾಡಬಹುದಾದ್ದು ಒಂದೇ. ವರ್ಷದ ಆರಂಭದಲ್ಲೇ ಎಚ್‌ಆರ್ ವಿಭಾಗದವರನ್ನು ಕಂಡು, ಸಿಟಿಸಿಯೊಳಗೇ ಕರ್ತವ್ಯದ ವಾಹನ ಭತ್ಯೆ ಎಂಬ ಸಾಲನ್ನು ಬೇರೆ ಮಾಡಿಸಿಕೊಳ್ಳಿ, ದಿನಾಂಕ, ಊರು, ಉದ್ದೇಶ, ಕಿಲೋಮೀಟರ್ ಬರೆದ ಲಾಗ್ ಇಟ್ಟುಕೊಳ್ಳಿ, ಖರ್ಚಾದಷ್ಟಕ್ಕೆ ಮಾತ್ರ ವಿನಾಯಿತಿ ಪಡೆಯಿರಿ. ಕಂಪನಿ ಒಪ್ಪದಿದ್ದರೆ ಇಂದಿನ ಕಾನೂನಿನಲ್ಲಿ ನೌಕರನಿಗೆ ಬೇರೆ ದಾರಿಯಿಲ್ಲ.

ಕೊನೆಯದಾಗಿ ಹೊಸ ಪದ್ಧತಿಯ ಸರಳತೆ. ವಿನಾಯಿತಿಗಳ ಕಾಡನ್ನು ಕಡಿದು ದರ ಇಳಿಸಿದ್ದೇವೆ, ಮತ್ತೆ ಗಿಡ ನೆಡಬೇಡಿ ಎನ್ನುತ್ತಾರೆ. 80ಸಿ ಹೋದದ್ದು, ಎಲ್‌ಟಿಎ ಹೋದದ್ದು, ಮನೆ ಬಾಡಿಗೆ ವಿನಾಯಿತಿ ಹೋದದ್ದು ನನಗೆ ಅರ್ಥವಾಗುತ್ತದೆ. ಅವು ಉಳಿತಾಯಕ್ಕೋ ರಜೆಯ ಪ್ರವಾಸಕ್ಕೋ ವಾಸಕ್ಕೋ ಕೊಟ್ಟ ಉತ್ತೇಜನಗಳು. ಆದರೆ 2020ರ ಜೂನ್‌ನಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಹೊಸ ಪದ್ಧತಿಗೆ ನಿಯಮ ತಿದ್ದುವಾಗ, ಸಹಾಯಕನ ಭತ್ಯೆ, ಸಮವಸ್ತ್ರ ಭತ್ಯೆಗಳನ್ನೆಲ್ಲ ಕೈಬಿಟ್ಟು ಮೂರನ್ನು ಉಳಿಸಿತು: ಪ್ರವಾಸ ಅಥವಾ ವರ್ಗಾವಣೆಯ ಪ್ರಯಾಣ ಖರ್ಚು, ದಿನಭತ್ಯೆ, ಕರ್ತವ್ಯದ ವಾಹನ ಖರ್ಚು. ಅಂಗವಿಕಲ ನೌಕರರ ಸಾರಿಗೆ ಭತ್ಯೆಯನ್ನೂ ಉಳಿಸಿತು. ಎಲ್ಲ ವಿನಾಯಿತಿ ಕಿತ್ತುಹಾಕಲು ಹೊರಟ ಸರ್ಕಾರವೇ ಕರ್ತವ್ಯದ ಪ್ರಯಾಣವನ್ನು ಮುಟ್ಟಲಿಲ್ಲ. ಏಕೆಂದರೆ ಅದು ರಿಯಾಯಿತಿಯಲ್ಲ, ಆದಾಯದ ಲೆಕ್ಕಾಚಾರದ ಭಾಗ. ಸರಳತೆಗೆ ಆ ಮೂರು ಧಕ್ಕೆ ತಂದಿಲ್ಲ ಎಂದಾದರೆ, ಅದೇ ಖರ್ಚನ್ನು ನೌಕರನ ಕಡೆಯಿಂದ ಒಪ್ಪುವುದೂ ತರುವುದಿಲ್ಲ.

1961ರ ಕಾಯ್ದೆಯ ಬದಲಿಗೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಎಂದು ಸಂಸತ್ತು ನಿಗದಿ ಮಾಡಿತು. ಸೆಕ್ಷನ್ನುಗಳ ಸಂಖ್ಯೆ ಬದಲಾಯಿತು, ಭಾಷೆ ತಿಳಿಯಾಯಿತು, ಸಂಬಳದಾರನ ಕಡಿತಗಳ ಪಟ್ಟಿ ಮಾತ್ರ ಬೆಳೆಯಲಿಲ್ಲ. ಅರವತ್ತು ವರ್ಷಕ್ಕೊಮ್ಮೆ ಬರುವ ಅವಕಾಶದಲ್ಲಿ ಇದು ಬಿಟ್ಟುಹೋಗಿದೆ. ಆದರೆ ಪ್ರತಿ ವರ್ಷದ ಹಣಕಾಸು ಮಸೂದೆ ಕಾಯ್ದೆಯನ್ನು ತಿದ್ದಬಲ್ಲದು, ಬೇಕಿರುವುದು ಒಂದೇ ಉಪವಿಧಿ. ಸಂಬಳದ ಕಡಿತಗಳ ಸೆಕ್ಷನ್‌ಗೆ ಅದನ್ನು ಹೀಗೆ ಸೇರಿಸಬಹುದು: ನೌಕರಿಯ ಷರತ್ತಿನಂತೆ ನೌಕರನು ಸ್ವಂತ ವಾಹನದಲ್ಲಿ ಅಥವಾ ಸ್ವಂತ ಖರ್ಚಿನಲ್ಲಿ ಕರ್ತವ್ಯದ ಮೇಲೆ ಪ್ರಯಾಣಿಸಿದ್ದು ಮಾಲೀಕನಿಂದ ದೃಢಪಟ್ಟಿದ್ದಲ್ಲಿ, ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗಿಬರುವ ದೂರವನ್ನು ಬಿಟ್ಟು, ಮಂಡಳಿಯು ಪ್ರತಿ ವರ್ಷ ಏಪ್ರಿಲ್‌ಗೆ ಮುನ್ನ ಕಾರಿಗೂ ದ್ವಿಚಕ್ರ ವಾಹನಕ್ಕೂ ಬೇರೆ ಬೇರೆಯಾಗಿ ಪ್ರಕಟಿಸುವ ಕಿಲೋಮೀಟರ್ ದರದಲ್ಲಿ, ಬಸ್ಸು-ರೈಲಾದರೆ ಟಿಕೆಟ್ಟಿನ ಮೊತ್ತದಲ್ಲಿ, ಮಾಲೀಕನು ಮರುಪಾವತಿಸಿದ್ದನ್ನು ಕಳೆದು ಉಳಿದದ್ದನ್ನು, ಎರಡೂ ಪದ್ಧತಿಗಳಲ್ಲಿ, ಸಂಬಳದಿಂದ ಕಡಿತ ಮಾಡತಕ್ಕದ್ದು.